ದ್ಯಾಮಣ್ಣನ ನಗೆಗೆ ಕತ್ತರಿ ಹಾಕದವರು

ಗಬ್ಬೂರಿನ ರಸ್ತೆಯಂಚಿನಲ್ಲಿ ಇನ್ನೂ ಮುಂಜಾವಿನ ಮಬ್ಬು. ಎತ್ತಿಗೆ ಲಾಳ ಬಡಿಯುವ ಗುಲಾಬಸಾಬರು ಒಂದು ಎತ್ತನ್ನು ಕೆಡವಿ ಕಾಲು ಕಟ್ಟಿದ್ದಾರೆ. ಅವರೆದುರು, ಕೋಟು ಕಳಚಿಟ್ಟು ಧೋತರ ಎತ್ತಿ ಕಟ್ಟಿದ ಒಬ್ಬರು ನೆಲಕ್ಕೆ ಹೊಟ್ಟೆಯೂರಿ ಮಲಗಿದ್ದಾರೆ. ಕಣ್ಣಿಗೊಂದು ಕಪ್ಪು ಪೆಟ್ಟಿಗೆ.

"ರಾಯರ, ಎತ್ತು ಒದ್ದರ ನನ್ನ ಕೇಳಬ್ಯಾಡ್ರಿ."

"ನೀವು ನಿಮ್ಮ ಕೆಲಸಾ ನಡಸ್ರಿ. ನಾ ಇಲ್ಲೇ ಇಲ್ಲಂತ ತಿಳೀರಿ."

ಎಳೆ ಬಿಸಿಲು ಗೊರಸಿನ ಮೇಲೆ ಬೀಳುತ್ತಲೇ ಪೆಟ್ಟಿಗೆ ಕರ್ರೆಂದು ತಿರುಗತೊಡಗುತ್ತದೆ. ಕೀಲಿ ಕೊಟ್ಟಷ್ಟು ಹೊತ್ತು ಓಡಿ ನಿಲ್ಲುತ್ತದೆ.

ಹೀಗೆ ಮಲಗಿದವರು ಧಾರವಾಡದ ಯಜ್ಞೇಶ್ವರ ಕಡಪಟ್ಟಿ, ಸಿನಿಮಾ ತೆಗೆಯುತ್ತಾರೆ. ಅದರಲ್ಲಿ ರಾಜನಿಲ್ಲ, ರಾಣಿಯಿಲ್ಲ, ಹಾಡಂತೂ ಇಲ್ಲವೇ ಇಲ್ಲ. ಕಂಬಳಿ ನೇಯುವವರು, ಗಾಣ ತಿರುಗಿಸುವವರು, ಹೀಗೆ ದುಡಿಯುವವರೇ ಅದರ ತುಂಬ. ಬೆನ್ನಿಗೆ ಯಾವ ಕಂಪನಿಯೂ ಇಲ್ಲ. ಮದುವೆಮನೆಗಳ ಫೋಟೋ ತೆಗೆದು ಬಂದದ್ದರಲ್ಲೇ ಮುಂಬಯಿಯಿಂದ ರೀಲು ತರಿಸುತ್ತಾರೆ. ಯುದ್ಧ ಶುರುವಾದ ಮೇಲೆ ಅದು ಸಿಗುವುದೂ ಕಷ್ಟವಾಗಿದೆ.

ಇಂಥವರು ಬಾಗಿಲಿಗೆ ಬಂದ ಅವಕಾಶವನ್ನು ಬಿಟ್ಟರಂತೆ. ಯಾಕೆ ಎಂಬ ಕುತೂಹಲವೇ ನನ್ನನ್ನು ಇಲ್ಲಿಗೆ ಎಳೆತಂದದ್ದು. ಸುಳ್ಳ ಗ್ರಾಮದಲ್ಲಿ ಬಾವಿ ತೋಡುವುದರ ಚಿತ್ರವನ್ನು ಅವರು ತೆಗೆದಿದ್ದರು. ಮುಂಬಯಿಯ ಕಂಪನಿಯೊಂದು ಅದನ್ನು ಊರೂರಲ್ಲಿ ತೋರಿಸಲು ಒಪ್ಪಿತ್ತು. ತಕರಾರು ಒಂದೇ: ಬಾವಿ ತೋಡುವ ದ್ಯಾಮಣ್ಣ ನಡುವೆ ತಲೆಯೆತ್ತಿ ಕ್ಯಾಮೆರಾವನ್ನೇ ನೋಡಿ ನಗುತ್ತಾನೆ. ಆ ತುಣುಕು ತೆಗೆಯಬೇಕು.

"ಖರೇ ಹೇಳ್ತೀನ್ರಿ, ಕತ್ತರಿ ಕೈಯಾಗ ಹಿಡದಿದ್ದೆ," ಎನ್ನುತ್ತಾರೆ ಯಜ್ಞೇಶ್ವರರು. "ಅಷ್ಟರಾಗ ದ್ಯಾಮಣ್ಣ ಜ್ವರದಾಗ ತೀರಿಕೊಂಡ ಅಂತ ಸುದ್ದಿ ಬಂತು. ಮುಂದ ಅವನ ಹೇಣ್ತಿ ದಾನವ್ವ ಮನಿ ಹುಡುಕ್ಕೊಂಡು ಬಂದಳು. 'ನಮ್ಮವರು ನಿಮ್ಮ ಪೆಟಿಗ್ಯಾಗ ಅದಾರಂತಲ್ರಿ?' ಅಂತ ಕೇಳಿದಳು. ಒಳಗ ಕರದು ಕೂಡಿಸಿದೆ."

ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲೆ ಮಾಡಿ, ಗೋಡೆಯ ಮೇಲೆ ಚಿತ್ರ ಬಿಟ್ಟರು. ದ್ಯಾಮಣ್ಣ ಅಗೆದ, ಮಣ್ಣು ತುಂಬಿದ, ತಲೆಯೆತ್ತಿ ನಕ್ಕ. ದಾನವ್ವ ತಟ್ಟನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಇನ್ನೊಮ್ಮಿ ಬಿಡ್ರಿ," ಎಂದಳು.

ಅಂದೇ ಯಜ್ಞೇಶ್ವರರು ಕಂಪನಿಗೆ 'ಆಗುವುದಿಲ್ಲ' ಎಂದು ಬರೆದು ಹಾಕಿದರು. ಚಿತ್ರ ಮನೆಯಲ್ಲೇ ಉಳಿಯಿತು. ಸಂತೆಗೆ ಬಂದಾಗಲೆಲ್ಲ ದಾನವ್ವ ಈಗಲೂ ಬಂದು ನೋಡಿ ಹೋಗುತ್ತಾಳೆ. ಇರುವುದು ಒಂದೇ ಪ್ರತಿ, ಓಡಿಸಿದಷ್ಟೂ ಗೀರು ಬೀಳುತ್ತದೆ. ಹೀಗೇ ಆದರೆ ಒಂದು ದಿನ ಏನೂ ಕಾಣಲಿಕ್ಕಿಲ್ಲ ಎಂದೆ.

"ಡಬ್ಬ್ಯಾಗ ಮುಚ್ಚಿಟ್ರ ಇವತ್ತೇ ಕಾಣಂಗಿಲ್ಲಲ್ರೀ," ಎಂದು ನಕ್ಕರು.

ಎತ್ತು ಎದ್ದು ನಿಂತಿದೆ. ಯಜ್ಞೇಶ್ವರರು ಅಂಗಿಯ ಧೂಳು ಕೊಡವುತ್ತಿದ್ದಾರೆ. ಇನ್ನೇನು ಆಸೆ ಎಂದು ಕೇಳಿದೆ.

"ಹತ್ತಿ ಬಿಡಸೋ ಹೆಣ್ಮಕ್ಕಳ ಚಿತ್ರ ತಗೀಬೇಕಂತ ಆಸೆ ಅದ. ಅವರು ಹೂಂ ಅಂದ್ರ ತಗೀತೀನಿ. ಒಲ್ಲೆ ಅಂದ್ರ ಬದುವಿನ ಮ್ಯಾಲೆ ಕೂತು ಸುಮ್ಮನ ನೋಡಿ ಬರ್ತೀನ್ರಿ. ಅದೂ ಒಂದು ಸುಖಾನ."