ಬೀರುವೋ ಕಪ್ಪೆಯೋ

ಸೂಜಿ ಸಾಯುವುದರ ಹಿಂದಿನ ದಿನ ಅವನನ್ನು ಕಾರಿನ ಶೋರೂಮಿನಿಂದ ಆಚೆ ಹಾಕಿದರು. ಮರ್ಯಾದೆಯಾಗಿಯೇ ಹಾಕಿದರು, ಕಾಫಿ ಕುಡಿಸಿ ಹಾಕಿದರು. ಆದರೂ ಹಾಕಿದ್ದು ಹಾಕಿದ್ದೇ.

ಸೂಜಿ ಎಂದ ಮಾತ್ರಕ್ಕೆ ತೆಳ್ಳಗಿನ ಆಳು ಎಂದುಕೊಳ್ಳಬೇಡಿ. ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬೀಳುತ್ತಿರಲಿಲ್ಲ. ಕಾರಿನ ಸೀಟುಗಳಿಗೆ ಕವರ್ ಹೊಲಿಯುವುದು ಅವನ ಕಸುಬು, ಕಂಡವರನ್ನೆಲ್ಲ ಮಾತಿನಲ್ಲಿ ಚುಚ್ಚುವುದು ಅವನ ಚಟ. ಎರಡಕ್ಕೂ ಸೇರಿಸಿ ಬೀದಿಯವರು ಇಟ್ಟ ಹೆಸರು ಅದು. ಹೆಂಡತಿಗೆ ಬೇರೆ ಹೆಸರು ಹುಡುಕುವ ಕಷ್ಟ ಯಾರೂ ತೆಗೆದುಕೊಳ್ಳಲಿಲ್ಲ. ಸೂಜಿಯ ಹೆಂಡತಿ ಎಂದರೆ ಮುಗಿಯಿತು. ಹೊಲಿಗೆ ಅವನದು, ಕತ್ತರಿ ಅವಳದು. ಅಂಗಡಿಯಲ್ಲಿ ರೆಕ್ಸಿನ್ನಿಗೆ, ಮನೆಯಲ್ಲಿ ಅವನ ಮಾತಿಗೆ.

ಅವರ ಹಳೆಯ ವ್ಯಾನು ಹೋಗುವ ಕಾಲಕ್ಕೆ ಬಂದಿತ್ತು. ಬೆಳಿಗ್ಗೆ ಅದನ್ನು ಎಬ್ಬಿಸುವಷ್ಟರಲ್ಲಿ ಇಡೀ ಬೀದಿ ಎದ್ದು ಕೂತಿರುತ್ತಿತ್ತು. ಮನೆ ಊರಿನ ಒಂದು ತುದಿ, ಅಂಗಡಿ ಇನ್ನೊಂದು ತುದಿ. ನಡುವೆ ಗಿರಾಕಿಗಳ ಮನೆಗೆ ಹೋಗಿ ಸೀಟು ತರಬೇಕು, ರೆಕ್ಸಿನ್ ಸುರುಳಿ ಹೇರಬೇಕು, ಹೊಲಿದದ್ದನ್ನು ವಾಪಸು ಕೊಟ್ಟು ಬರಬೇಕು. ಗಾಡಿಯಿಲ್ಲದಿದ್ದರೆ ಅಂಗಡಿಯೂ ಇಲ್ಲ. ಈ ಸಲ ಕರೆಂಟಿನ ಗಾಡಿ ತಗೊಳ್ಳಿ ಎಂದು ಮಗಳು ತಲೆಗೆ ತುಂಬಿದಳು. ಎತ್ತರದ ಎಸ್‌ಯುವಿಯೇ ಆಗಬೇಕು ಎಂದು ಸೂಜಿ ತಾನಾಗಿ ತುಂಬಿಕೊಂಡ.

"ಜನ್ಮವೆಲ್ಲ ಬೇರೆಯವರ ಗಾಡಿಯೊಳಗೆ ಬಗ್ಗಿದ್ದು ಸಾಕು ಕಣೇ. ನಮ್ದನ್ನಾದ್ರೂ ನೆಟ್ಟಗೆ ನಿಂತು ಹತ್ತೋಣ."

ನೋಡಿ ನೋಡಿ ಕೊನೆಗೆ ಎರಡು ಉಳಿದವು. ಒಂದೇ ಶೋರೂಮಿನಲ್ಲಿ ಅಕ್ಕಪಕ್ಕ ನಿಂತಿದ್ದವು. ದೊಡ್ಡದಕ್ಕೆ ಅವಳು ಬೀರು ಎಂದು ಹೆಸರಿಟ್ಟಳು, ಬಟ್ಟೆಯ ಬೀರುವನ್ನು ಅಡ್ಡ ಕೆಡವಿ ಚಕ್ರ ಕಟ್ಟಿದ ಹಾಗಿತ್ತು. ಚಿಕ್ಕದರ ದೀಪಗಳು ಕಣ್ಣು ಮೇಲೆ ಮಾಡಿಕೊಂಡಿದ್ದವು. ಅದು ಕಪ್ಪೆ ಎಂದು ಅವನು ಹೇಳಿದ. ಹೆಸರಿನ ವಿಷಯದಲ್ಲಿ ಇಬ್ಬರಿಗೂ ಜಗಳವಿರಲಿಲ್ಲ. ಜಗಳ ಬಾಕಿಯದ್ದರಲ್ಲಿ.

ಸೂಜಿ ಗಾಡಿಯನ್ನು ಅಳೆಯುತ್ತಿದ್ದದ್ದು ಕಣ್ಣಿನಿಂದಲ್ಲ, ಕುಂಡಿಯಿಂದ. ಸೀಟಿನ ಮೇಲೆ ಕೂತು, ಕೈ ಹೊಟ್ಟೆಯ ಮೇಲಿಟ್ಟು, ಕಣ್ಣು ಮುಚ್ಚಿಬಿಡುತ್ತಿದ್ದ. ಅವತ್ತು ಬೀರುವಿನಲ್ಲೂ ಹಾಗೇ ಕೂತ. ಮುಖ ಅರಳಿತು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಜೇಬಿನಿಂದ ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದು, ಕೆಳಗೆ ಬಗ್ಗಿ, ಸೀಟಿನ ಅಂಚು ಬಿಚ್ಚಿ, ಒಳಗೆ ಕೈ ತೂರಿಸಿ ಫೋಮನ್ನು ಹಿಚುಕತೊಡಗಿದ.

ಗಾಡಿ ತೋರಿಸುತ್ತಿದ್ದ ಹುಡುಗಿ ಕಿಟಾರನೆ ಕಿರುಚಿದಳು. "ಸರ್! ಏನ್ ಮಾಡ್ತಿದೀರಾ ಸರ್?"

"ಒಳಗೇನಿದೆ ನೋಡ್ತಿದೀನಮ್ಮ. ನೀವೆಲ್ಲ ಮೇಲ್ಮೇಲೇ ತೋರಿಸ್ತೀರಿ."

"ಇದು ಎಲ್ಲರಿಗೂ ತೋರಿಸೋ ಗಾಡಿ ಸರ್!"

"ಇನ್ಮೇಲೆ ಎಲ್ಲರಿಗೂ ಒಳಗಡೇನೂ ತೋರಿಸು."

ಮ್ಯಾನೇಜರು ಬಂದ. ಕಾಫಿ ಬಂತು. ಆಮೇಲೆ ಬಾಗಿಲು ತೋರಿಸಿದರು. ಸೂಜಿ ಕಾಫಿಯ ತಳದ ಸಕ್ಕರೆಯನ್ನೂ ಬಿಡದೆ ಕುಡಿದು, ಬಿಚ್ಚಿದ್ದಕ್ಕೆ ಹೊಲಿಗೆ ಹಾಕಿ ಕೊಡುತ್ತೇನೆ ಎಂದು ಹೇಳಿ, ಎದೆಯುಬ್ಬಿಸಿಕೊಂಡು ಆಚೆ ಬಂದ.

ವ್ಯಾನಿನಲ್ಲಿ ಜಗಳ ಶುರುವಾಯಿತು.

"ಬೀರುನೇ. ಇನ್ನು ಮಾತಿಲ್ಲ."

"ಕಪ್ಪೆ."

"ಕಪ್ಪೆ ಸೀಟು ಬರೀ ಹಲಗೆ ಕಣೇ. ನನ್ನ ಬೆನ್ನೇನಾಗಬೇಕು?"

"ನಿಮ್ಮ ಬೆನ್ನಿಗೆ ಗಾಡಿ ತಗೋತಿದೀವಾ, ಅಂಗಡಿಗಾ?"

"ಒಂದ್ಸಲ ಚಾರ್ಜ್ ಹಾಕಿದ್ರೆ ಬೀರು ಸಮುದ್ರದ ತನಕ ಹೋಗುತ್ತಂತೆ."

"ಸಮುದ್ರದಲ್ಲಿ ಯಾರ ಸೀಟು ಹೊಲೀಬೇಕು? ತಿಮಿಂಗಿಲದ್ದಾ?"

"ಓಡಿಸೋನು ನಾನು. ನಂಗೆ ಬೇಕಾದ್ದೇ ತಗೋತೀನಿ."

"ಈ ಸಲ ನಾನೂ ಓಡಿಸ್ತೀನಿ. ಇದಕ್ಕೆ ಕ್ಲಚ್ ಇಲ್ವಂತಲ್ಲ."

ಅವಳ ಹತ್ತಿರ ಲೈಸೆನ್ಸ್ ಇತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ ವ್ಯಾನು ಓಡಿಸಿ ಕ್ಲಚ್ ಸುಟ್ಟಿದ್ದಳು. ಆ ವಾಸನೆಯ ಕಥೆಯನ್ನು ಅವನು ಬಂದ ಗಿರಾಕಿಗಳಿಗೆಲ್ಲ ಹೇಳಿ ನಗಿಸಿ, ಅವತ್ತಿನಿಂದ ಕೀಲಿ ತನ್ನ ಸೊಂಟಕ್ಕೆ ಸಿಗಿಸಿಕೊಂಡಿದ್ದ. ಅವಳು ಜೀವಮಾನವೆಲ್ಲ ಪಕ್ಕದಲ್ಲಿ ಕೂತು ಬಂದವಳು. ಈಗ ಕ್ಲಚ್ಚೇ ಇಲ್ಲ ಎಂದ ಮೇಲೆ ಆ ಕಥೆಗೂ ಬೆಲೆಯಿಲ್ಲ. ಮನೆಗೆ ಬಂದು ಉಂಡರು. ಮುಖ ಆ ಕಡೆ ಈ ಕಡೆ ಮಾಡಿ ಮಲಗಿದರು. ಇದು ಕೊನೆಯ ದಿನ ಎಂದು ಯಾರೂ ಬಂದು ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಒಬ್ಬ ಗಿರಾಕಿಯ ಗಾಡಿಗೆ ಹೊಸ ಸೀಟು ಕೂರಿಸಿ, ಸೂಜಿ ಎಂದಿನಂತೆ ಹತ್ತಿ ಕೂತು ಕಣ್ಣು ಮುಚ್ಚಿದ. ಅವಳು ಕತ್ತರಿ ಆಡಿಸುತ್ತಲೇ ಕೂಗಿದಳು.

"ರೀ, ಸಾಕು ಇಳೀರಿ. ಗಾಡಿಯವರು ಬರೋ ಹೊತ್ತಾಯ್ತು."

ಇನ್ನೊಂದು ತುಂಡು ಕತ್ತರಿಸಿ ಮತ್ತೆ ಕೂಗಿದಳು.

"ಗೊರಕೆ ಹೊಡೀದೆ ಮಲಗಿದ್ರೆ ನಾನು ನಂಬಲ್ಲ. ಏಳ್ರೀ."

ಹೋಗಿ ಭುಜ ಅಲ್ಲಾಡಿಸಿದಳು. ಅವನು ವಾಲಿಕೊಂಡ.

ಡಾಕ್ಟರು ಹೃದಯ ಎಂದರು. ನಿಮಗೆ ಹೃದಯವೇ ಇಲ್ಲ ಎಂದು ಅವಳು ಅವನನ್ನು ಎಷ್ಟು ಸಲ ಬೈದಿದ್ದಳೋ. ಇತ್ತು. ನಿಂತಿತ್ತು.

ಗಾಡಿಯವನು ಬಾಗಿಲಾಚೆಯೇ ನಿಂತು, ಆ ಸೀಟು ತನಗೆ ಬೇಡ ಎಂದ.

"ಅವರು ಹೊಲಿದದ್ದರಲ್ಲೆಲ್ಲ ಇದೇ ಚೆನ್ನಾಗಿರೋದು," ಎಂದಳು ಅವಳು. "ಕೂತು ನೋಡಿ. ನಿಮಗೂ ಏಳೋಕೆ ಮನಸ್ಸು ಬರಲ್ಲ."

ಅವನು ಕೂರಲಿಲ್ಲ. ಅಂಗಡಿ ಮತ್ತೆ ತೆರೆದ ಮೇಲೆ ಅವಳು ಬೇರೆ ಹೊಲಿದು ಕೊಟ್ಟಳು.

ಜನ ಬಂದರು. ದೇವರಂಥ ಮನುಷ್ಯ, ಯಾರನ್ನೂ ಒಂದು ಮಾತಿನಿಂದಲೂ ನೋಯಿಸಿದವರಲ್ಲ ಎಂದರು. ಸತ್ತವನು ಬೇರೆ ಯಾರೋ ಇರಬೇಕು ಎಂದು ಅವಳಿಗೆ ಅನುಮಾನ ಬಂತು. ಅವರ ಮುಂದೆ ಕಣ್ಣೀರು ಬರಲಿಲ್ಲ. ಬಂದದ್ದು ಅಂಗಡಿ ಮತ್ತೆ ತೆರೆದ ದಿನ, ಅವನ ಹೊಲಿಗೆ ಯಂತ್ರದ ಮುಂದೆ ಕೂತಾಗ. ಸ್ಟೂಲು ಅವನ ಎತ್ತರಕ್ಕಿತ್ತು, ಅವಳ ಕಾಲು ಕೆಳಗೆ ಎಟುಕಲಿಲ್ಲ. ಬಾಗಿಲು ಹಾಕಿಕೊಂಡು ಗೋಳೋ ಎಂದು ಅತ್ತಳು. ಅತ್ತು ಮುಗಿದ ಮೇಲೆ ಗರಗಸ ತಂದು ಸ್ಟೂಲಿನ ಕಾಲುಗಳನ್ನು ಕತ್ತರಿಸಿದಳು.

ವ್ಯಾನು ಅದೇ ವಾರ ಕೈಕೊಟ್ಟಿತು. ಅದಕ್ಕೂ ಯಜಮಾನನಿಲ್ಲದೆ ಬೇಜಾರಾಗಿತ್ತೋ ಏನೋ. ಮೈದುನ ಬಂದು ಕಾಲು ಚಾಚಿ ಕೂತ. ಅವನು ಟೈಲ್ಸ್ ಮಾರುವವನು. ಮಾತೂ ಹಾಗೇ, ನುಣ್ಣಗೆ, ಜಾರುವಂತೆ.

"ಅತ್ತಿಗೆ, ಬೀರು ಬುಕ್ ಮಾಡ್ಬಿಡೋಣ. ಅಣ್ಣನ ಕೊನೇ ಆಸೆ."

"ಕೊನೇ ಆಸೆ ಇನ್ನೊಂದು ಲೋಟ ಕಾಫಿ. ಬೆಳಿಗ್ಗೆ ಕೇಳಿದ್ರು. ನಾನು ಕೊಡಲಿಲ್ಲ."

"ತಮಾಷೆ ಬೇಡ ಅತ್ತಿಗೆ. ನಿಮಗೆ ಯಾಕೆ ಓಡಿಸೋ ತಲೆನೋವು? ನಾನಿದೀನಲ್ಲ. ಬೆಳಿಗ್ಗೆ ಅಂಗಡಿಗೆ ಬಿಡ್ತೀನಿ, ಸಾಯಂಕಾಲ ಕರ್ಕೊಂಡು ಬರ್ತೀನಿ."

"ಮಧ್ಯದಲ್ಲಿ?"

"ಮಧ್ಯದಲ್ಲಿ ಗಾಡಿ ಸುಮ್ನೆ ನಿಂತಿರೋ ಬದಲು..."

"ನಿನ್ನ ಟೈಲ್ಸು ಸವಾರಿ ಹೋಗುತ್ತೆ."

"ನಾವೇನು ಬೇರೆನಾ ಅತ್ತಿಗೆ?"

ಮಗಳೂ ಫೋನಿನಲ್ಲಿ ಅದೇ ರಾಗ ಎಳೆದಳು. "ಅಪ್ಪ ಅಷ್ಟು ಆಸೆಪಟ್ಟಿದ್ರಲ್ಲಮ್ಮ."

ಗಂಡನ ಮಾತು ಮೀರುವುದು ಸೂಜಿಯ ಹೆಂಡತಿಗೆ ಹೊಸದಲ್ಲ, ಅದರಲ್ಲಿ ಅವಳು ಪಳಗಿದವಳು. ಆದರೆ ಮೀರಿದ ಮೇಲೆ ಅವನು ಕೂಗಾಡುತ್ತಿದ್ದ, ಇವಳೂ ಕೂಗುತ್ತಿದ್ದಳು, ಸರಿಹೋಗುತ್ತಿತ್ತು. ಈಗ ಎದುರಿಗೆ ಯಾರೂ ಇಲ್ಲದಾಗ ಗೆದ್ದರೆ ಮೋಸ ಮಾಡಿದ ಹಾಗಲ್ಲವೇ? ಹಾಗೆಂದು ಬೀರು ತೆಗೆದುಕೊಂಡರೆ ತನ್ನ ಗತಿಯೇನು ಎಂಬುದೂ ಅವಳಿಗೆ ಗೊತ್ತಿತ್ತು. ಮೈದುನ ಬಿಟ್ಟಾಗ ಅಂಗಡಿ ತೆರೆಯಬೇಕು, ಅವನು ಬಂದಾಗ ಮುಚ್ಚಬೇಕು. ಗಿರಾಕಿಯ ಮನೆಗೆ ಸೀಟು ತರಲು ಅವನ ಬಿಡುವು ಕಾಯಬೇಕು. ಆಮೇಲೆ ಒಂದು ದಿನ, ಅಂಗಡಿ ಯಾಕೆ ಅತ್ತಿಗೆ, ಮನೆಯಲ್ಲಿ ಆರಾಮಾಗಿರಿ ಎನ್ನುತ್ತಾನೆ. ಆ ಮಾತನ್ನು ಅವನು ಈಗಲೇ ಬಾಯಲ್ಲಿ ಇಟ್ಟುಕೊಂಡು ಚೀಪುತ್ತಿದ್ದ.

"ಓಡಿಸಿ ನೋಡಿ ಹೇಳ್ತೀನಿ," ಎಂದಳು. ಮೈದುನನೂ ಜೊತೆಗೆ ಹೊರಟ.

ಶೋರೂಮಿನ ಹುಡುಗಿ ಅವಳನ್ನು ಕಂಡ ಕೂಡಲೇ ಗುರುತು ಹಿಡಿದು, ಅವಳ ಹಿಂದೆ ಇಣುಕಿದಳು.

"ಮೇಡಂ, ಸರ್ ಬಂದಿಲ್ವಾ?"

"ಇಲ್ಲಮ್ಮ. ಹೊರಟು ಹೋದ್ರು."

"ಎಲ್ಲಿಗೆ ಮೇಡಂ?"

"ಹೇಳಿ ಹೋಗೋ ಅಭ್ಯಾಸ ಅವರಿಗಿರಲಿಲ್ಲ."

ಹುಡುಗಿಗೆ ಸ್ವಲ್ಪ ತಡವಾಗಿ ಅರ್ಥವಾಯಿತು. ಕಣ್ಣು ತುಂಬಿಕೊಂಡಳು.

"ಅಳಬೇಡ. ಗಾಡಿ ತೋರಿಸು."

ಮೊದಲು ಬೀರು. ಹತ್ತಿ ಕೂತಳು. ಕಣ್ಣು ಮುಚ್ಚಿದಳು. ಸೊಂಟಕ್ಕೆ ಯಾರೋ ಕೈ ಕೊಟ್ಟು ಹಿಡಿದ ಹಾಗಿತ್ತು, ತೊಡೆಯ ಕೆಳಗೆ ಒಂದು ಗಂಟಿಲ್ಲ, ಒಂದು ಮಡಿಕೆಯಿಲ್ಲ. ಹಾಳಾದವನು ಸರಿಯಾಗಿಯೇ ಹೇಳಿದ್ದ. ಹೀಗೇ ಕೂತುಬಿಡೋಣ, ಬೇರೆ ಯಾರಾದರೂ ಓಡಿಸಲಿ ಎನ್ನಿಸಿತು. ಹಾಗೆನ್ನಿಸಿದ್ದೇ ತಡ, ಹೆದರಿ ಕಣ್ಣು ತೆರೆದಳು.

"ಗಾಳಿ ಹಾಕಮ್ಮ, ಸೆಕೆ."

"ಆ ಸ್ಕ್ರೀನ್ ಮುಟ್ಟಿ ಮೇಡಂ. ಎಲ್ಲಾ ಅದರಲ್ಲೇ."

ಅವಳು ಮುಟ್ಟಿದಳು. ಏನೂ ಆಗಲಿಲ್ಲ. ಒತ್ತಿದಳು, ತಿಕ್ಕಿದಳು. ಸೂಜಿ ಚುಚ್ಚಿಸಿಕೊಂಡು, ರೆಕ್ಸಿನ್ನಿನ ಅಂಟು ಹತ್ತಿಸಿಕೊಂಡು ಅವಳ ಬೆರಳ ತುದಿ ಚಪ್ಪಲಿಯ ಅಟ್ಟೆಯಂತಾಗಿತ್ತು. ಗಾಡಿಗೆ ಅದು ಬೆರಳು ಎಂದೇ ಗೊತ್ತಾಗಲಿಲ್ಲ. ಹಿಂದಿನಿಂದ ಮೈದುನ ಕೈ ಚಾಚಿ, ತನ್ನ ನುಣುಪು ಬೆರಳನ್ನು ತಾಗಿಸಿದ. ತಣ್ಣನೆ ಗಾಳಿ ಬುಸ್ಸೆಂದಿತು.

"ನೋಡಿದ್ರಾ ಅತ್ತಿಗೆ? ನನ್ನ ಮಾತು ಕೇಳುತ್ತೆ."

"ಕೇಳುತ್ತೆ ಕಣೋ. ಅದೇ ನೋಡ್ತಿದೀನಿ," ಎಂದು ಅವಳು ಇಳಿದಳು.

ಕಪ್ಪೆಯ ಸೀಟು ಹಲಗೆಯೇ. ಆ ವಿಷಯದಲ್ಲಿ ಸತ್ತವನ ಮೇಲೆ ಸುಳ್ಳು ಹೊರಿಸುವ ಹಾಗಿರಲಿಲ್ಲ. ಆದರೆ ಗಾಳಿಗೊಂದು, ದೀಪಕ್ಕೊಂದು ತಿರುಗಿಸುವ ಗುಂಡಿಗಳಿದ್ದವು, ಹಿಡಿದರೆ ಕೈಗೆ ಸಿಗುತ್ತಿದ್ದವು. ಕೂತಲ್ಲಿಂದ ಗಾಡಿಯ ಮೂಗಿನ ತುದಿ ಕಾಣುತ್ತಿತ್ತು. ರಸ್ತೆಗೆ ಇಳಿದ ಮೇಲೆ ಅವಳ ಎಡಗಾಲು ಕ್ಲಚ್ ಹುಡುಕುತ್ತ ನೆಲವನ್ನು ದಬದಬ ತುಳಿಯತೊಡಗಿತು.

"ಮೇಡಂ, ಎಡಗಾಲಿಗೆ ಇದರಲ್ಲಿ ಕೆಲಸ ಇಲ್ಲ."

"ಮೊದಲೇ ಹೇಳಿದ್ರೆ ಮನೇಲೇ ಬಿಟ್ಟು ಬರ್ತಿದ್ದೆ."

ಬಲಗಾಲನ್ನು ಎತ್ತಿದರೆ ಗಾಡಿ ತಾನೇ ನಿಧಾನವಾಯಿತು. ಅವಳಿಗೆ ಇದು ಬಹಳ ಹಿಡಿಸಿತು. ಬಿಟ್ಟ ಕೂಡಲೇ ಸುಮ್ಮನಾಗುವ ಗುಣ ಅವಳ ಮನೆಯಲ್ಲಿ ಯಾರಿಗೂ ಇರಲಿಲ್ಲ. ಎರಡು ಬೀದಿ ಸುತ್ತಿ, ಒಂದು ಲಾರಿಗೆ ದಾರಿ ಬಿಟ್ಟು, ಇನ್ನೊಂದಕ್ಕೆ ಬಿಡದೆ, ವಾಪಸು ತಂದು ನಿಲ್ಲಿಸಿದಳು. ಹಿಂದಿನ ಸೀಟಿನಲ್ಲಿ ಮೈದುನ ಮೇಲಿನ ಹಿಡಿಕೆಗೆ ಎರಡೂ ಕೈಯಿಂದ ಜೋತುಬಿದ್ದಿದ್ದ.

"ಇದೇ," ಎಂದಳು.

"ಅತ್ತಿಗೆ! ಸೀಟು ಕಲ್ಲಿನ ಹಾಗಿದೆ!"

"ಸೀಟು ಕೆಟ್ಟದಿದ್ರೆ ಬಿಚ್ಚಿ ಹೊಲೀತೀನಿ. ಅದು ನನ್ನ ಕೈಲಾಗೋ ಕೆಲಸ. ಬೀರು ನನ್ನ ಬೆರಳು ಗುರುತಿಸೋ ಹಾಗೆ ಎಲ್ಲಿ ಹೊಲಿಯೋದು?"

"ಅಣ್ಣನ ಆತ್ಮ ಏನಂದುಕೊಳ್ಳುತ್ತೆ?"

"ಬೈಯುತ್ತೆ. ನಂಗೇನು ಹೊಸದಾ?"

ಹುಡುಗಿ ಮೆಲ್ಲಗೆ ಬಾಯಿ ಹಾಕಿದಳು. "ಮೇಡಂ, ಸೀಟು ಬಿಚ್ಚಿದ್ರೆ ವಾರಂಟಿ ಹೋಗುತ್ತೆ."

"ಹೋಗ್ಲಿ ಬಿಡಮ್ಮ. ಏನೇನೋ ಹೋಗಿದೆ."

ಕಪ್ಪೆ ಮನೆಗೆ ಬಂದ ವಾರದಲ್ಲೇ ಅವಳು ಕೊಕ್ಕೆ ಹಿಡಿದಳು. ಅವರ ಕಸುಬಿನಲ್ಲಿ ಮೊದಲ ಪ್ರಯೋಗ ಯಾವತ್ತೂ ಮುಖ್ಯವಲ್ಲದ ಸೀಟಿನ ಮೇಲೆ, ಕೆಟ್ಟರೆ ಅಲ್ಲಿ ಕೆಡಲಿ ಎಂದು. ಓಡಿಸುವವಳು ತಾನಾದ್ದರಿಂದ ಪಕ್ಕದ ಸೀಟನ್ನು ಮೊದಲು ಬಿಚ್ಚಿದಳು. ಬೆನ್ನಿನ ಪಕ್ಕದಲ್ಲಿ ಡಿಕ್ಕಿಯಾದರೆ ಉಬ್ಬುವ ಗಾಳಿಚೀಲ ಇರುತ್ತದೆ, ಅಲ್ಲಿಗೆ ಕೈ ಹಾಕಲಿಲ್ಲ. ಕೂರುವ ಭಾಗವನ್ನಷ್ಟೇ ತೆರೆದು, ದಪ್ಪ ಫೋಮಿನ ಮೇಲೆ ಮೆತ್ತನೆಯದನ್ನು ಅಂಟಿಸಿ, ಸೂಜಿ ಹಾಕುತ್ತಿದ್ದ ಹಾಗೆ ಎರಡೆಳೆ ಹೊಲಿಗೆ ಹಾಕಿ ಬಿಗಿದಳು. ಹೊಲಿಯುವ ಮೊದಲು ಒಳಗೆ ತಂತಿಯಿದ್ದ ಒಂದು ತೆಳು ಹಾಳೆ ಸಿಕ್ಕಿತ್ತು. ಎಲ್ಲಿತ್ತೋ ಅಲ್ಲೇ ತುರುಕಿದ್ದಳು. ಕೂತು ನೋಡಿದಳು. ಬೀರುವಿನ ಅಪ್ಪನಂತಿತ್ತು.

ಮರುದಿನ ಗಾಡಿ ಹೊರಡಿಸಿದರೆ ಟಿಣ್ ಟಿಣ್ ಟಿಣ್ ಎಂದು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಅಂಗಡಿಯ ತನಕವೂ ನಿಲ್ಲಲಿಲ್ಲ. ರಿಪೇರಿಯವನ ಹತ್ತಿರ ಒಯ್ದಳು. ಅವನು ಸೀಟಿನ ಕೆಳಗೆ ಇಣುಕಿ ನಕ್ಕ.

"ಮೇಡಂ, ಸೀಟಲ್ಲಿ ಯಾರಾದ್ರೂ ಇದಾರಾ ಅಂತ ತಿಳಿಯೋಕೆ ಒಂದು ಹಾಳೆ ಇರುತ್ತೆ. ನಿಮ್ಮ ಫೋಮು ಅದನ್ನ ಒತ್ತಿ ಹಿಡಿದಿದೆ. ಯಾರೋ ಬೆಲ್ಟ್ ಹಾಕದೆ ಕೂತಿದಾರೆ ಅಂತ ಗಾಡಿ ಬಡ್ಕೋತಿದೆ."

"ಯಾರು ಕೂತಿದಾರಂತೆ?"

"ಅದೆಲ್ಲ ಅದಕ್ಕೆ ಗೊತ್ತಾಗಲ್ಲ ಮೇಡಂ. ಭಾರ ಇರೋರು ಅಂತಷ್ಟೇ."

ಅವಳು ಸೀಟಿನ ಎರಡೆಳೆ ಹೊಲಿಗೆಯ ಮೇಲೆ ಕೈಯಾಡಿಸಿದಳು.

"ಆ ಫೋಮ್ ತೆಗೆದ್ರೆ ಸರಿಹೋಗುತ್ತೆ. ತೆಗೀಲಾ?"

"ತೆಗೆದ್ರೆ ಮತ್ತೆ ಹಲಗೆ. ಬೇಡ."

"ಹಾಗಾದ್ರೆ ಬೆಲ್ಟ್ ಸಿಗಿಸಿಯೇ ಇಟ್ಬಿಡಿ."

ಮಗಳೂ ಅದನ್ನೇ ಹೇಳುತ್ತಾಳೆ. ಒಂದ್ಸಲ ಸಿಗಿಸಿ ಬಿಟ್ಟರೆ ಮುಗೀತಲ್ಲಮ್ಮ, ದಿನಾ ಯಾಕೆ ಒದ್ದಾಡ್ತೀಯ ಎನ್ನುತ್ತಾಳೆ. "ರಾತ್ರಿಯೆಲ್ಲ ಕಟ್ಟಿಹಾಕೋಕೆ ಅದೇನು ಎಮ್ಮೆನಾ?" ಎಂದು ಅವಳು ಮಾತು ಕತ್ತರಿಸುತ್ತಾಳೆ. ಸಾಯಂಕಾಲ ಇಳಿಯುವಾಗ ಬಿಚ್ಚಿಯೇ ಇಳಿಯುತ್ತಾಳೆ. ಮೈದುನ ಒಂದೆರಡು ಸಲ ಬಂದು, ಎಲ್ಲಾದರೂ ಬಿಡಬೇಕಾ ಅತ್ತಿಗೆ ಎಂದು ಕೇಳಿದ. ನಿನ್ನನ್ನೇ ಬಿಡ್ತೀನಿ ಹತ್ತು, ಎಂದಳು. ಅವನು ನಡೆದೇ ಹೋದ.

ಬೆಳಿಗ್ಗೆ ಎದ್ದು ಚಾರ್ಜಿನ ವೈರು ಕಿತ್ತು ಸುತ್ತಿಡುತ್ತಾಳೆ. ಹತ್ತಿ ಕೂತು ಗುಂಡಿ ಒತ್ತುತ್ತಾಳೆ. ಟಿಣ್ ಟಿಣ್ ಶುರುವಾಗುತ್ತದೆ. ಬಂದೆ, ಬಂದೆ, ಬಡ್ಕೋಬೇಡಿ ಎನ್ನುತ್ತ ಅಡ್ಡಕ್ಕೆ ಬಗ್ಗಿ, ಪಕ್ಕದ ಸೀಟಿನ ಬೆಲ್ಟನ್ನು ಹೊಟ್ಟೆಗೆ ಜಾಗ ಬಿಟ್ಟು ಎಳೆದು, ಕೊಂಡಿಗೆ ಸಿಗಿಸುತ್ತಾಳೆ.