ಅತ್ತಿಗೆಗೆ ಇಟ್ಟ ಎಡೆ

ಮೊನ್ನೆ ಆಫೀಸಿನಲ್ಲಿ ಮಧ್ಯಾಹ್ನದ ಊಟ ಮುಗಿಸಿದ ಮೇಲೆ ನನ್ನ ಪಕ್ಕದ ಮೇಜಿನಾಕೆ ಹಿತ್ತಲಿಗೆ ಹೋಗಿ, ನಿಂಬೆಗಿಡದ ಒಂದೆರಡು ಎಲೆ ಕಿತ್ತು ಅಂಗೈಯಲ್ಲಿ ಹೊಸಕಿ, ಬೆರಳ ಸಂದಿಗೆಲ್ಲ ಉಜ್ಜಿಕೊಂಡು ಬಂದಳು. ಡಬ್ಬಿಗೆ ಮೊಟ್ಟೆ ಸಾರು ತಂದಿದ್ದಳಂತೆ, ಸೋಪು ಹಾಕಿದರೂ ವಾಸನೆ ಹೋಗಲಿಲ್ಲವಂತೆ. ಆ ಹಸಿ ಎಲೆಯ ಘಾಟು ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಫೈಲಿನಲ್ಲಿ ಏನು ಬರೆಯುತ್ತಿದ್ದೆ ಎನ್ನುವುದೇ ನನಗೆ ಮರೆತುಹೋಯಿತು. ಪಾಂಡವಪುರದ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದವಳು ಇಪ್ಪತ್ತೈದು ವರ್ಷ ಹಿಂದಿನ ನಾಗಮಂಗಲದ ಬಸ್ಸಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಅತ್ತಿಗೆ. ನನ್ನ ಬಲಗೈ ಹಿಡಿದು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ತಿರುಗಿ, ಮೂಸಿ ನೋಡುತ್ತಿದ್ದಳು.

"ಇನ್ನೂ ವಸಿ ಅದೆ ಕಣವ್ವ. ಇನ್ನೊಂದೆಲೆ ಉಜ್ಜು."

ಅವಳು ನನ್ನ ಅಣ್ಣನ ಹೆಂಡತಿ. ಈಗಿರುವ ಅತ್ತಿಗೆಯಲ್ಲ, ಮೊದಲಿನವಳು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಂಡೆಯ ಹಳ್ಳಿಯವಳು. ಕಾಲುವೆ, ಗದ್ದೆ, ಬೇಸಿಗೆಯಲ್ಲೂ ಹಸಿರು ಕಂಡು ಬೆಳೆದವಳನ್ನು ತಂದು ಬಿಂಡಿಗನವಿಲೆ ಕಡೆಯ ನಮ್ಮ ರಾಗಿ ಹೊಲದ ಊರಿಗೆ ಹಾಕಿದರು. ಇಪ್ಪತ್ತಕ್ಕೆ ಬಂದವಳು ಇಪ್ಪತ್ತನಾಲ್ಕು ತುಂಬುವ ಮೊದಲೇ ಹೋಗಿಬಿಟ್ಟಳು. ಅವಳು ಮನೆಗೆ ಬಂದಾಗ ನಾನು ಒಂಬತ್ತನೇ ಕ್ಲಾಸು, ಮೂಗಿನ ಮೇಲೆ ಸಿಟ್ಟು, ಮೈಯೆಲ್ಲ ಸೋಮಾರಿತನ.

ಹೆಣ್ಣು ನೋಡಲು ಹೋದಾಗ ನಾನೂ ಹೋಗಿದ್ದೆ. ಹೊಸ ಲಂಗ ಉಟ್ಟುಕೊಂಡು, ನೋಡಲು ಬಂದದ್ದು ನನ್ನನ್ನೇ ಎನ್ನುವ ಹಾಗೆ ಕೂತಿದ್ದೆ. ಅವ್ವನಿಗೆ ಹುಡುಗಿ ಹಿಡಿಸಿದ್ದಳು. ಒಂದೇ ಒಂದು ಅನುಮಾನ ಉಳಿದಿತ್ತು. ಕಾಫಿ ಲೋಟ ಕೆಳಗಿಟ್ಟು ಕೇಳಿಯೇಬಿಟ್ಟಳು.

"ಕಾವೇರಿ ದಡದೋರು ನೀವು. ಮೀನಿಲ್ದೆ ಮುದ್ದೆ ಇಳಿಯಾಕಿಲ್ಲ ಅಂತಾರೆ. ನಮ್ಮನೇಲಿ ಅದ್ರ ನಾತವೇ ಆಗಾಕಿಲ್ಲ. ನೀನು ತಿಂತೀಯೇನವ್ವ?"

ಹುಡುಗಿ ತಲೆ ಎತ್ತಲಿಲ್ಲ. "ಇಲ್ಲ, ನಾನು ತಿನ್ನಾಕಿಲ್ಲ" ಅಂದಳು. ಒಳಬಾಗಿಲಲ್ಲಿ ನಿಂತಿದ್ದ ಅವಳ ತಾಯಿಗೆ ಇದ್ದಕ್ಕಿದ್ದ ಹಾಗೆ ಕೆಮ್ಮು ಬಂತು. ಹಿತ್ತಲ ಬೇಲಿಯ ಮೇಲೆ ಮೀನಿನ ಬಲೆ ಒಣಗುತ್ತಿದ್ದದ್ದನ್ನು ನಾನು ಆಗಲೇ ನೋಡಿಕೊಂಡು ಬಂದಿದ್ದೆ. ಅವ್ವ ಹಿತ್ತಲಿಗೆ ಹೋಗಿರಲಿಲ್ಲ.

ನಮ್ಮ ಮನೆಯಲ್ಲಿ ಕುರಿ ತಿನ್ನುತ್ತಿದ್ದೆವು, ಕೋಳಿ ತಿನ್ನುತ್ತಿದ್ದೆವು, ಮೀನು ಮಾತ್ರ ಹೊಸಿಲು ದಾಟುವಂತಿರಲಿಲ್ಲ. ಕೆಸರು ತಿನ್ನುವ ಜೀವ ಎಂದು ಅವ್ವ ಮುಖ ಸಿಂಡರಿಸುತ್ತಿದ್ದಳು. ಅಂಥದ್ದರಲ್ಲಿ ಹೊಳೆ ದಂಡೆಯಲ್ಲಿ ಹುಟ್ಟಿ ಮೀನು ಮುಟ್ಟದ ಸೊಸೆ ಸಿಕ್ಕಿದ್ದು ಅವ್ವನ ಪಾಲಿಗೆ ದೊಡ್ಡ ಹೆಮ್ಮೆ. ನೀರಿಗೆ ಹೋದಲ್ಲಿ, ಮದುವೆ ಮನೆಯಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳುವಳು. ಯುಗಾದಿಗೆ ಒಬ್ಬಟ್ಟು ಬಡಿಸುವಾಗ ಸೊಸೆಗೆ ಒಂದು ಹೆಚ್ಚೇ ಹಾಕಿ, "ನನ್ ಸೊಸೆಗೆ ಒಬ್ಬಟ್ಟು ಅಂದ್ರೆ ಪ್ರಾಣ" ಅನ್ನುವಳು. ಅತ್ತಿಗೆ ನಗುತ್ತಾ ಎಲೆ ಮುಂದಿಡುವಳು. ಅವ್ವ ಆ ಕಡೆ ತಿರುಗಿದ ಮೇಲೆ ಆ ಒಬ್ಬಟ್ಟು ನನ್ನ ಎಲೆಗೆ ಬರುತ್ತಿತ್ತು. ನಾನು ಬೇಡ ಎಂದದ್ದಿಲ್ಲ.

ಅವಳು ತವರಿಗೆ ಹೋಗುವಾಗ ಒಬ್ಬಳನ್ನೇ ಕಳಿಸುತ್ತಿರಲಿಲ್ಲ, ನಾದಿನಿ ಜೊತೆಗೆ ಹೋಗಬೇಕು. ನಾಗಮಂಗಲದಲ್ಲಿ ಬಸ್ಸು ಹತ್ತಿ, ಪಾಂಡವಪುರದಲ್ಲಿ ಇಳಿದು ಇನ್ನೊಂದು ಹತ್ತುವುದು. ಮೇಲುಕೋಟೆ ಬೆಟ್ಟ ಹಿಂದೆ ಸರಿದು ದಾರಿಯ ಪಕ್ಕ ಕಾಲುವೆ ಕಂಡಿತೋ, ಅತ್ತಿಗೆಯ ಮುಖವೇ ಬೇರೆಯಾಗುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಿಟಕಿಯಿಂದ ಹೊರಗೆ ತಲೆ ಹಾಕುವಳು. ಮೊದಲ ಸಲ ಹೋದಾಗ ಮನೆ ಹೊಕ್ಕವಳು ಕಾಲು ತೊಳೆಯುವ ಮೊದಲೇ ಒಲೆ ಮೇಲಿನ ಮಡಕೆಯ ಮುಚ್ಚಳ ತೆಗೆದಳು. ಹಿಂದಿನ ದಿನದ ಮೀನಿನ ಸಾರು. ಹುಳಿ ಹೀರಿಕೊಂಡು ಕೆಂಪಗೆ ಗಟ್ಟಿಯಾಗಿತ್ತು. ಹಿತ್ತಲ ಕಲ್ಲಿನ ಮೇಲೆ ಕಾಲು ಚಾಚಿ ಕೂತು ಅವಳು ಉಂಡದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ನಮ್ಮ ಮನೆಯಲ್ಲಿ ಅರ್ಧ ಮುದ್ದೆಗೆ ಸಾಕೆನ್ನುವವಳು ಅವತ್ತು ಎರಡು ಮುದ್ದೆ ಉಂಡಳು. ಕೊನೆಗೆ ನನ್ನ ಕಡೆ ನೋಡಿ, ಮುಳ್ಳು ಬಿಡಿಸಿದ ಒಂದು ತುಂಡನ್ನು ನನ್ನ ಬಾಯಿಗಿಟ್ಟಳು. ಉಗಿಯೋಣ ಅಂದುಕೊಂಡೆ... ಉಗಿಯಲಿಲ್ಲ. ಇನ್ನೊಂದು ಕೇಳಿದೆ.

"ನಿಮ್ಮವ್ವಂಗೆ ಯೇಳ್ಬ್ಯಾಡ ಕಣವ್ವ. ನನ್ ಮ್ಯಾಗೆ ಆಣೆ ಮಾಡು" ಅಂದಳು. ನಾನು ಅವಳ ತಲೆ ಮುಟ್ಟಿ ಆಣೆ ಮಾಡಿದೆ. ವಾಪಸು ಬರುವಾಗ ಇಬ್ಬರೂ ನಿಂಬೆ ಎಲೆ ಉಜ್ಜಿಕೊಂಡೆವು.

ಆಣೆ ಇಟ್ಟುಕೊಂಡೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುಮ್ಮನೆ ಇಟ್ಟುಕೊಳ್ಳಲಿಲ್ಲ. ಬೆಳಿಗ್ಗೆ ಕೈಪಂಪಿನಿಂದ ನೀರು ತರುವುದು, ಕೊಟ್ಟಿಗೆ ಗುಡಿಸುವುದು ನನ್ನ ಪಾಲಿನ ಕೆಲಸ. ಒಂದು ದಿನ ಹಾಸಿಗೆಯಿಂದ ಏಳಲು ಮೈ ಬಗ್ಗಲಿಲ್ಲ. "ಅತ್ಗೆ, ನೀನೇ ತಂದ್ಬುಡು. ಇಲ್ದಿದ್ರೆ ಅವ್ವಂಗೆ ಯೇಳ್ಬುಡ್ತೀನಿ ನೋಡು" ಅಂದೆ. ತಮಾಷೆಗೇ ಅಂದದ್ದು. ಅವಳು ಕಣ್ಣರಳಿಸಿ, ನನ್ನ ಬೆನ್ನಿಗೊಂದು ಗುದ್ದಿ, ಬಿಂದಿಗೆ ಎತ್ತಿಕೊಂಡು ಹೋದಳು. ರುಚಿ ಹತ್ತಿತು ನನಗೆ. ಆಮೇಲೆ ನೀರು, ಕೊಟ್ಟಿಗೆ, ನನ್ನ ಯೂನಿಫಾರ್ಮು, ನನ್ನ ಜಡೆ ಎಲ್ಲ ಅವಳದೇ. "ಯೇಳ್ಲಾ?" ಎಂದರೆ ಸಾಕಿತ್ತು. ಒಂದೇ ಒಂದು ಸಲ ಅವಳು ತಿರುಗಿ, "ಯೇಳು ಓಗು, ನೀನೂ ತಿಂದಿದ್ದೀಯಲ್ಲ" ಎಂದು ನಕ್ಕಳು. ನಕ್ಕವಳು ಮತ್ತೆ ಬಿಂದಿಗೆ ಎತ್ತಿಕೊಂಡಳು. ಅದು ನನ್ನ ಮೇಲಿನ ಪ್ರೀತಿಯೋ, ಅವ್ವನ ಮೇಲಿನ ಹೆದರಿಕೆಯೋ ಈಗಲೂ ಗೊತ್ತಿಲ್ಲ. ಪ್ರೀತಿ ಎಂದುಕೊಂಡರೆ ನನಗೆ ಅನುಕೂಲ, ಹಾಗಾಗಿ ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದೆ.

ನಾಲ್ಕನೇ ವರ್ಷ ಅವಳಿಗೆ ಜ್ವರ ಬಂತು. ಊರಿನ ಮಾತ್ರೆಗೆ ಬಗ್ಗಲಿಲ್ಲ, ಆಸ್ಪತ್ರೆಗೆ ಸೇರಿಸಿದರು. ಪಿಯುಸಿ ಮುಗಿಸಿ ಮನೆಯಲ್ಲೇ ಇದ್ದೆನಾದ್ದರಿಂದ ಅವ್ವನ ಜೊತೆ ನಾನೂ ಹೋಗಿ ಹಾಸಿಗೆಯ ಪಕ್ಕ ಕೂತಿರುತ್ತಿದ್ದೆ. ಒಂದು ಸಂಜೆ ಅವ್ವ ಕಾರಿಡಾರಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದಳು. ಅತ್ತಿಗೆ ನನ್ನ ಕೈ ಎಳೆದಳು. ಕೈ ಬೆಂಕಿಯಾಗಿತ್ತು.

"ಬಾಯೆಲ್ಲ ಕಹಿ ಕಣವ್ವ. ನಮ್ಮವ್ವ ನಾಳೀಕೆ ಬತ್ತಾಳೆ. ಒಂದ್ ತೊಟ್ಟು ಮೀನ್ಸಾರು ತರಾಕೆ ಯೇಳ್ತೀಯ? ನಾಲ್ಗೆಗೆ ಇಟ್ಕಂಡ್ರೆ ಸಾಕು."

"ಸುಮ್ಕಿರು ಅತ್ಗೆ, ಅವ್ವ ಇಲ್ಲೇ ಅವ್ಳೆ" ಅಂದೆ. ಅಷ್ಟೇ ಅಂದದ್ದು. ಅವಳು ನನ್ನ ಕೈ ಬಿಟ್ಟಳು. ಸಾರು ಕೊಟ್ಟಿದ್ದರೆ ಬದುಕುತ್ತಿದ್ದಳು ಎಂದು ಹೇಳುವಷ್ಟು ದಡ್ಡಿ ನಾನಲ್ಲ. ಆದರೆ ಅವಳ ತಾಯಿ ಬಂದಾಗ ಕಿವಿಯಲ್ಲಿ ಒಂದು ಮಾತು ಹೇಳಲು ನನಗೇನಾಗಿತ್ತು? ಮರುದಿನ ಸಂಜೆಯ ಹೊತ್ತಿಗೆ ಅವಳಿಗೆ ಮೈಮೇಲೆ ಜ್ಞಾನವಿರಲಿಲ್ಲ. ಆಮೇಲೆ... ಆಮೇಲಿನದು ಎಲ್ಲರ ಮನೆಯ ಸಾವಿನ ಹಾಗೆಯೇ.

ಹನ್ನೊಂದನೇ ದಿನದ ತಿಥಿಗೆ ಅವಳಿಗೆ ಇಷ್ಟವಾದದ್ದನ್ನೇ ಎಡೆ ಇಡಬೇಕು ಎಂದು ಅವ್ವ ಅಳುತ್ತಾ ಕೂತು ತಾನೇ ಒಬ್ಬಟ್ಟು ತಟ್ಟಿದಳು. ಕಾಗೆ ತಡ ಮಾಡಲಿಲ್ಲ, ಇಟ್ಟ ಕೂಡಲೇ ಬಂದು ಕಚ್ಚಿಕೊಂಡು ಹೋಯಿತು. "ನೋಡ್ರವ್ವ, ನನ್ ಸೊಸೆ ಬಂದು ಉಂಡ್ಳು" ಎಂದು ಅವ್ವ ಎದೆ ಬಡಿದುಕೊಂಡಳು. ಕಾಗೆಗೆ ಹಸಿವಾಗಿತ್ತು ಅಷ್ಟೆ. ಗುಂಪಿನ ಆಚೆ ತುದಿಯಲ್ಲಿ ನಿಂತಿದ್ದ ಅತ್ತಿಗೆಯ ತಾಯಿ ಒಂದು ಗಳಿಗೆ ನನ್ನನ್ನು ನೋಡಿದಳು. ಮಗಳು ಹೇಳಿದ ಸುಳ್ಳನ್ನು ಮಗಳ ತಿಥಿಯ ದಿನ ಬಯಲು ಮಾಡಲು ಆ ಹೆಂಗಸಿಗೆ ಮನಸ್ಸು ಬರಲಿಲ್ಲ. ಹೇಳಬೇಕಾಗಿದ್ದವಳು ನಾನು. ಆಕೆ ಮತ್ತೆಂದೂ ನಮ್ಮ ಊರಿಗೆ ಬರಲಿಲ್ಲ.

ಅಲ್ಲಿಂದ ಶುರುವಾದದ್ದು ಇಷ್ಟು ವರ್ಷ ನಡೆದುಕೊಂಡು ಬಂತು. ಪ್ರತಿ ವರ್ಷ ಪಿತೃಪಕ್ಷದಲ್ಲಿ ಹೋದ ಹಿರಿಯರಿಗೆ ಅವರವರು ಇಷ್ಟಪಟ್ಟದ್ದನ್ನು ಎಲೆಯ ಮೇಲಿಟ್ಟು ಕರೆಯುತ್ತೇವೆ. ಅಪ್ಪನ ಎಲೆಗೆ ಬೀಡಿ ಕಟ್ಟು, ಕುರಿ ಬಾಡು. ಅತ್ತಿಗೆಯ ಎಲೆಗೆ ಸೀರೆ, ಹಸಿರು ಬಳೆ, ಹೂವು, ಒಬ್ಬಟ್ಟು. ಅಣ್ಣನಿಗೆ ಮತ್ತೆ ಮದುವೆಯಾಯಿತು. ಈಗಿನ ಅತ್ತಿಗೆ ಒಳ್ಳೆಯವಳು. ಕಣ್ಣಲ್ಲೂ ಕಾಣದ ಸವತಿಗೆ ಅವಳು ಮಾಡುವಷ್ಟು ಮುತುವರ್ಜಿಯಿಂದ ನಾವು ಬದುಕಿರುವವರಿಗೂ ಮಾಡಿದ್ದಿಲ್ಲ. "ಅಕ್ಕಯ್ಯನ ಒಬ್ಬಟ್ಟಿಗೆ ತುಪ್ಪ ಜಾಸ್ತಿ ಇರ್ಲಿ" ಎಂದು ಬೇರೆಯೇ ತಟ್ಟುತ್ತಾಳೆ. ನಾನು ಪ್ರತಿ ವರ್ಷ ಪಾಂಡವಪುರದಿಂದ ಹೋಗಿ, ಪಕ್ಕದಲ್ಲಿ ಕೂತು ಹೂರಣ ಉಂಡೆ ಕಟ್ಟಿಕೊಡುತ್ತೇನೆ. ಹೇಳಿದರೆ ಅವ್ವನ ಮನಸ್ಸು ನೋಯುತ್ತದೆ, ಸೊಸೆಯನ್ನು ಮಗಳ ಹಾಗೆ ನೋಡಿಕೊಂಡೆ ಎನ್ನುವ ಅವಳ ನಂಬಿಕೆ ಮುರಿಯುತ್ತದೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಅವ್ವ ಹೋಗಿ ಎರಡು ವರ್ಷವಾಯಿತು. ಅವ್ವನಿಗೂ ಈಗ ಒಂದು ಎಲೆ ಹಾಕುತ್ತೇವೆ. ಸಬೂಬು ಮುಗಿದರೂ ನನ್ನ ಬಾಯಿ ಬಿಚ್ಚಿರಲಿಲ್ಲ.

ಆಫೀಸಿನಲ್ಲಿ ನಿಂಬೆ ಎಲೆಯ ವಾಸನೆ ಬಡಿದ ವಾರವೇ ನಮ್ಮ ಮನೆಯ ಪಕ್ಷ. ಈ ಸಲ ಹೇಳಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋದೆ. ಹೋದವಳು ಮಾಮೂಲಿನಂತೆ ಹೂರಣ ಉಂಡೆ ಕಟ್ಟಿದೆ. ಸಂಜೆ ಎಡೆ ಇಟ್ಟು, ಧೂಪ ಹಾಕಿ, ಕೋಣೆಯ ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಬಂದೆವು. ಹಿರಿಯರು ಉಣ್ಣುವುದನ್ನು ನಾವು ನೋಡುವಂತಿಲ್ಲ, ಸ್ವಲ್ಪ ಹೊತ್ತು ಆಚೆ ಇರಬೇಕು. ಈಗಿನ ಅತ್ತಿಗೆ ಹಾಲು ಕರೆಯಲು ಕೊಟ್ಟಿಗೆಗೆ ಹೋದಳು. ಜಗಲಿಯ ಮೇಲೆ ಅಣ್ಣ ಮತ್ತು ನಾನು ಇಬ್ಬರೇ. ಒಳಗೆ ಅವಳು ಮತ್ತೆ ಆ ಒಬ್ಬಟ್ಟಿನ ಮುಂದೆ ಕೂತಿದ್ದಾಳೆ ಎನ್ನಿಸಿ ನನಗೆ ತಡೆಯಲಾಗಲಿಲ್ಲ.

"ಅಣ್ಣಯ್ಯ, ಅತ್ಗೆಗೆ ಒಬ್ಬಟ್ಟು ಸೇರ್ತಿರ್ಲಿಲ್ಲ ಕಣೋ. ಮೀನು ಅಂದ್ರೆ ಪ್ರಾಣ ಬುಡೋಳು. ತವರಿಗೆ ಓದಾಗೆಲ್ಲ ತಿಂತಿದ್ಲು. ಅವ್ವಂಗೆ ಎದ್ರಿ ಯಾರ್ಗೂ ಯೇಳ್ಬ್ಯಾಡ ಅಂದಿದ್ಲು."

"ಮೀನಾ?" ಅಂದ ಅಣ್ಣ. ಟವೆಲ್ಲು ತೆಗೆದು ಮಡಿಲಲ್ಲಿಟ್ಟುಕೊಂಡ. ಬಯ್ಯುತ್ತಾನೆ ಎಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು.

"ನಾನೂ ತಿಂತಿದ್ದೆ ಕಣವ್ವ. ಸಂತೆಬಾಚಳ್ಳಿ ಸಂತೆಗೆ ಮರಿ ಕೊಳ್ಳಾಕೆ ಓಗ್ತಿದ್ನಲ್ಲ, ಅಲ್ಲಿ ಬಾಣ್ಲೆ ಇಟ್ಕಂಡು ಕರೀತಿದ್ರು. ತಿಂದು, ಬಾಯಿ ಮುಕ್ಕಳಿಸಿ, ಎಲೆಅಡಿಕೆ ಅಗೀತಾ ಮನೇಗ್ ಬತ್ತಿದ್ದೆ. ಅವ್ವಂಗೆ ಎದ್ರಿ ಅಲ್ಲ. ಮೀನು ಮುಟ್ಟದೋಳು, ಪಾಪ, ವಾಕ್ರಿಕೆ ಬಂದಾತು ಅಂತ ಅವ್ಳಿಗೆ ಎದ್ರಿ."

ಅವ್ವನಿಗೆ ಹೇಳುವುದು ಬೇಡ, ಅಣ್ಣನ ಕಿವಿಗೆ ಅವತ್ತು ಒಂದು ಮಾತು ಹಾಕಿದ್ದರೆ ಅವಳನ್ನೂ ಸಂತೆಗೆ ಕರೆದುಕೊಂಡು ಹೋಗುತ್ತಿದ್ದ. ಗಂಡ ಹೆಂಡತಿ ಒಂದೇ ಎಲೆಯಲ್ಲಿ ಬಿಸಿಬಿಸಿ ಮೀನು ತಿಂದು, ಕೃಷ್ಣರಾಜಪೇಟೆಯಲ್ಲಿ ಒಂದು ಸಿನಿಮಾ ನೋಡಿಕೊಂಡು ಬರುತ್ತಿದ್ದರೇನೋ. ಆಣೆ ಮಾಡಿದ್ದೆ, ಅದಕ್ಕೇ ಹೇಳಲಿಲ್ಲ ಎನ್ನಬಹುದು. ನಿಜ ಅದಲ್ಲ. ಅಣ್ಣನಿಗೆ ಹೇಳಿಬಿಟ್ಟರೆ ಅದು ಗುಟ್ಟಾಗಿ ಉಳಿಯುತ್ತಿರಲಿಲ್ಲ, ನನ್ನ ನೀರು ನಾನೇ ಹೊರಬೇಕಾಗುತ್ತಿತ್ತು.

ಕೊಟ್ಟಿಗೆಯಲ್ಲಿ ಹಾಲು ಪಾತ್ರೆಗೆ ಬೀಳುವ ಸದ್ದು ಕೇಳುತ್ತಿತ್ತು. ಅಣ್ಣ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಐವತ್ತು ದಾಟಿದ ಗಂಡಸು ಚಿಕ್ಕ ಮಕ್ಕಳ ಹಾಗೆ ಆಸೆಯಿಂದ ಕೇಳಿದ.

"ಇನ್ನೇನೇನು ಇಷ್ಟ ಇತ್ತವ್ವ ಅವ್ಳಿಗೆ?"

ಹೇಳಲು ಬಾಯಿ ತೆರೆದೆ. ಯಾವ ಹೂವು ಇಷ್ಟವಿತ್ತು? ಗೊತ್ತಿಲ್ಲ. ಯಾವ ಬಣ್ಣ? ನೆನಪಾಗಲಿಲ್ಲ. ಒಬ್ಬಳೇ ಇರುವಾಗ ಏನಾದರೂ ಗುನುಗುತ್ತಿದ್ದಳೇ, ಓದುವ ಆಸೆ ಇತ್ತೇ, ಯಾವ ಊರು ನೋಡಬೇಕು ಅಂದುಕೊಂಡಿದ್ದಳು... ಎಷ್ಟು ತಡಕಿದರೂ ಕಂಡದ್ದು ಬಿಂದಿಗೆ ಹೊತ್ತು ಮುಂದೆ ಮುಂದೆ ಹೋಗುತ್ತಿದ್ದ ಅವಳ ಬೆನ್ನು, ಹಿಂದೆ ಕೈಬೀಸಿಕೊಂಡು ಬರುತ್ತಿದ್ದ ನಾನು. "ಗೊತ್ತಿಲ್ಲ ಕಣಣ್ಣಯ್ಯ" ಅಂದೆ. ಅಣ್ಣ ತಲೆಯಾಡಿಸಿದ. ಈಗಿನ ಅತ್ತಿಗೆ ಹಾಲಿನ ಪಾತ್ರೆ ಹಿಡಿದು ಬಂದು, ಹೊತ್ತಾಯಿತು, ಬಾಗಿಲು ತಟ್ಟಿ ಒಳಗೆ ಹೋಗೋಣ ಅಂದಳು.

ಮುಂದಿನ ಪಕ್ಷಕ್ಕೆ ಶ್ರೀರಂಗಪಟ್ಟಣಕ್ಕೆ ಹೋಗಿ ತಾನೇ ಹೊಳೆಮೀನು ತರುತ್ತೇನೆ ಎಂದು ಅಣ್ಣ ನಿನ್ನೆ ಫೋನು ಮಾಡಿ ಹೇಳಿದ. ತರಲಿ. ಅವಳ ಎಲೆಗೆ ಅದೊಂದಾದರೂ ಸರಿಯಾದದ್ದು ಬೀಳಲಿ. ಉಳಿದದ್ದನ್ನು ಹೇಳಬಲ್ಲವಳು ಅವಳೊಬ್ಬಳೇ ಇದ್ದಳು, ಅವಳು ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೆ, ಅವಳಿಂದ ಎಲ್ಲ ಮಾಡಿಸಿಕೊಂಡೆ. ನಿನಗೇನು ಬೇಕು ಅತ್ಗೆ ಎಂದು ಒಂದು ದಿನವೂ ಕೇಳಲಿಲ್ಲ.