ಆರು ಡಬ್ಬಿಗಳ ಮುಂದೆ ಒಬ್ಬಳೇ

ಕೋಥರೂಡದ ನಮ್ಮ ಫ್ಲ್ಯಾಟಿನ ಡೈನಿಂಗ್ ಟೇಬಲ್ ಮೇಲೆ ಈ ಬೆಳಿಗ್ಗೆ ತಿಂಡಿಯ ಬದಲು ಮೊಣಕೈಯುದ್ದದ ಆರು ತಾಮ್ರದ ಡಬ್ಬಿಗಳು ಕುಳಿತಿವೆ. ಮೇಲಿನ ಮನೆಯ ಮೃದುಲಾ ತನ್ನ ಹ್ಯಾಮ್ ರೇಡಿಯೋ ಕ್ಲಬ್ಬಿನ ರಿಪೀಟರಿನಿಂದ ಬಿಚ್ಚಿ, ನನ್ನಿಂದ ಟ್ಯೂನ್ ಮಾಡಿಸಲೆಂದು ತಂದವು. ಡಬ್ಬಿಗಳ ನಡುವೆ ಜೋತುಬಿದ್ದ ಕೇಬಲ್ಲುಗಳನ್ನು ನೋಡಿ, "ಆಂಟೀ, ಇವು ಸುಮ್ನ ಉದ್ದ ಅದಾವ. ಚಂದಂಗ ಕಟ್ ಮಾಡ್ಲಿ?" ಎಂದು ಕಟರ್ ಎತ್ತಿದಳು. "ಡೋಂಟ್!" ಎಂದು ನಾನು ಕೂಗಿದ ರಭಸಕ್ಕೆ ಬಾಲ್ಕನಿಯ ಪಾರಿವಾಳಗಳೂ ಹಾರಿದವು.

ನಿಮಗೂ ಹೇಳಿಬಿಡುತ್ತೇನೆ. ರಿಪೀಟರ್ ಎಂದರೆ ಕೇಳುವುದನ್ನೂ ಮಾತಾಡುವುದನ್ನೂ ಒಟ್ಟಿಗೇ ಮಾಡುವ ಯಂತ್ರ. "ಥೇಟ್ ನಿನ್ನ ಹಾಗೆ" ಎನ್ನುತ್ತಿದ್ದರು ನಮ್ಮ ಯಜಮಾನರು. ಅದರ ಬಾಯಿಯ ಗದ್ದಲ ಅದರದೇ ಕಿವಿಗೆ ಬೀಳದಂತೆ ತಡೆಯುವುದು ಈ ಡಬ್ಬಿಗಳು. ನಡುವಿನ ಕೇಬಲ್ಲುಗಳ ಉದ್ದ ರೇಡಿಯೋ ಅಲೆಯ ಉದ್ದಕ್ಕೆ ಲೆಕ್ಕ ಹಾಕಿದ್ದು; ಗಿಡ್ಡ ಮಾಡಿದರೆ ಕೆಟ್ಟಿತು.

ಇಪ್ಪತ್ತೆರಡರ ವಯಸ್ಸಿನಲ್ಲಿ ನನಗೆ ಇದು ತಿಳಿದಿರಲಿಲ್ಲ. ಖಡಕಿಯ ಒಂದು ರೇಡಿಯೋ ವರ್ಕ್‌ಶಾಪಿನಲ್ಲಿ ನಾನೊಬ್ಬಳೇ ಹೆಂಗಸು, ಅದೂ ಪ್ರೊಬೇಶನ್ ಮೇಲೆ. ಕಾನ್ವೆಂಟಿನಲ್ಲಿ ನೀಟ್‌ನೆಸ್‌ಗೆ ಪ್ರೈಜ್ ಪಡೆದವಳು. ಅಲ್ಲಿನ ಒಂದು ರಿಪೀಟರಿನ ಇಂಥದೇ ಡಬ್ಬಿಗಳ ನಡುವಿನ ಕೇಬಲ್ಲುಗಳನ್ನೆಲ್ಲ ಗಿಡ್ಡ ಮಾಡಿ, ಜಡೆಯಂತೆ ಕಟ್ಟಿಟ್ಟೆ. ಮರುದಿನ ಮೀಟರಿಗೆ ಹಚ್ಚಿದರೆ ರಿಪೀಟರ್ ಪೂರ್ತಿ ಕಿವುಡು. ಮಧ್ಯಾಹ್ನದ ವ್ಯಾನಿನಲ್ಲಿ ಅದು ಇಂದಾಪುರಕ್ಕೆ ಹೋಗಬೇಕು. ಆಷಾಢದ ಪಾಲಖಿ ಯಾತ್ರೆಯ ಜೊತೆ ಸಾಗುವ ಆಂಬುಲೆನ್ಸುಗಳು ಅದನ್ನೇ ನಂಬಿದ್ದವು. ಹೋಗದಿದ್ದರೆ ನನ್ನ ನೌಕರಿಯೂ ಹೋದಂತೆಯೇ.

"ಯಾರ ಕೆಲಸರೀ ಇದು?" ಎಂದರು ಮೇಲಧಿಕಾರಿ, ಧಾರವಾಡದ ದೇಸಾಯರು.

"ಮ್ಯಾಡಮ್ ಉದ್ಘಾಟನಾ ಮಾಡ್ಯಾರ್ರೀ, ರಿಬ್ಬನ್ ಕತ್ತರಿಸಿ," ಪಕ್ಕದ ಬೆಂಚಿನವರು ನಕ್ಕರು.

ಹೆದರಿದಾಗ ನನಗೆ ಇಂಗ್ಲಿಷೇ ಬರುವುದು. "ಐ ಡಿಡ್, ಸರ್. ಐ ಆಮ್ ಎಕ್ಸ್‌ಟ್ರೀಮ್‌ಲಿ ಸಾರಿ."

"ಇಂಗ್ಲೀಷಿನ್ಯಾಗ ಸಾರಿ ಅಂದ್ರ ಕೇಬಲ್ ಬೆಳೀತಾವೇನ್ರೀ?" ಹೊಸ ಸುರುಳಿಯನ್ನು ನನ್ನ ಮುಂದಿಟ್ಟರು. "ನೀವ ಕತ್ತರಿಸ್ರಿ, ನೀವ ಟ್ಯೂನ್ ಮಾಡ್ರಿ, ನೀವ ವ್ಯಾನಿಗೆ ಹಾಕ್ರಿ." ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲೆಳೆದುಕೊಂಡು ಹೋದರು.

ಕನೆಕ್ಟರಿನ ತುದಿಯನ್ನೂ ಸೇರಿಸಿ ಅಳೆದೆ. ಒಂದೊಂದು ಡಬ್ಬಿಯ ಸ್ಕ್ರೂವನ್ನೂ ಕೂದಲೆಳೆಯಷ್ಟು ತಿರುಗಿಸಿದೆ. ಮೀಟರಿನ ಸೂಜಿ ಇಳಿಯಿತು, ಏರಿತು, ಮತ್ತೆ ಇಳಿದು ತಳದಲ್ಲಿ, ಬೇಕಾದ ಜಾಗದಲ್ಲೇ, ನಿಂತಿತು. ನಟ್ ಬಿಗಿದರೆ ಕದಲಿತು, ಮತ್ತೆ ಮೊದಲಿಂದ. ಅಂತೂ ಮೂರು ತಾಸಿಗೆ ವ್ಯಾನು ಹೊರಟಿತು. ಮರುದಿನ ಇಂದಾಪುರದಿಂದ ಫೋನು: ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಕೇಳಿಸುತ್ತಿದೆಯಂತೆ.

"ಹೆದರಿಕಿ ಆಗಲಿಲ್ಲೇನು ಆಂಟೀ?" ಎಂದಳು ಮೃದುಲಾ.

ದೇಸಾಯರು ಅವತ್ತು ನನಗೆ ಶಿಕ್ಷೆ ಕೊಟ್ಟರೆಂದೇ ಇಷ್ಟು ವರ್ಷ ಹೇಳಿಕೊಂಡು ಬಂದವಳು ನಾನು. ಇವತ್ತು ಬಾಯಿಗೆ ಬಂದದ್ದೇ ಬೇರೆ. ತೌರಿನಲ್ಲಿ, ಕಾನ್ವೆಂಟಿನಲ್ಲಿ, ಆಮೇಲೆ ಅತ್ತೆಮನೆಯಲ್ಲಿ ಯಾರಾದರೊಬ್ಬರು ಹೆಗಲ ಮೇಲಿಂದ ಬಗ್ಗಿ ನೋಡುತ್ತಲೇ ಇದ್ದರು. ಆ ಮೂರು ತಾಸು ಮಾತ್ರ ಯಾರೂ ನೋಡಲಿಲ್ಲ.

"ಹೆದರಿಕಿ ಎಲ್ಲೀದವ್ವಾ," ಎಂದೆ. "ಭಾಳ ಸುಖ ಇತ್ತು."

ಮೊದಲ ಡಬ್ಬಿಯ ನಟ್ ಸಡಿಲಿಸಿದೆ. ಮೃದುಲಾ ಫೋನಿನ ಟಾರ್ಚ್ ಹಚ್ಚಿ ಪಕ್ಕಕ್ಕೆ ಬಂದು ಬಗ್ಗಿದಳು.

"ನೀ ಮನೀಗೆ ಹೋಗು," ಎಂದೆ. "ಲಂಚ್ ಆದ ಮ್ಯಾಲೆ ಬಾ."